ಡ್ರೈಯರ್ ಬಾಗಿಲಿನ ಎರಡನೆಯ ಸಪ್ಪಳ

ನಮ್ಮ ಮನೆ ಇಳಕಲ್ಲಿನ ಅಂಚಿನಲ್ಲಿದೆ. ಹಿತ್ತಲಿನಾಚೆ ಎರಡು ಖಾಲಿ ಸೈಟು, ಅವುಗಳಾಚೆ ಗ್ರಾನೈಟ್ ಕಲ್ಲು ಕೊಯ್ದು ಪಾಲಿಶ್ ಮಾಡುವ ಶೆಡ್ಡುಗಳು. ಮಾಳಿಗೆಯ ಮೇಲೆ ಒಣಹಾಕಿದ ನನ್ನ ಗಂಡನ ಬಿಳಿ ಅಂಗಿ ಸಂಜೆ ತೆಗೆಯುವ ಹೊತ್ತಿಗೆ ಮಾಸಲು ಗುಲಾಬಿ ಬಣ್ಣಕ್ಕೆ ತಿರುಗಿರುತ್ತಿತ್ತು. ಝಾಡಿಸಿದರೆ ಹಿಟ್ಟಿನಂಥ ಪುಡಿ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದರಿಂದ ಮೈ ತುರಿಸುತ್ತಿತ್ತು. ಆಮೇಲೆ ರೂಢಿಯಾಯಿತು. ಆದರೆ ನಮ್ಮ ಅತ್ತಿಗೆ, ಅಂದರೆ ಗಂಡನ ತಾಯಿಗೆ, ಅರವತ್ತು ದಾಟಿದ ಮೇಲೆ ದಮ್ಮು ಶುರುವಾಯಿತು. ಬಾಗಲಕೋಟೆಯ ಡಾಕ್ಟರು ಎಲ್ಲ ತಪಾಸಣೆ ಮಾಡಿ, "ಇವರ ಹಾಸಿಗಿ, ಚಾದರ, ಸೀರಿ ಯಾವುದನ್ನೂ ಹೊರಗ ಒಣಗಿಸಬ್ಯಾಡ್ರಿ" ಎಂದರು. ಆ ಪುಡಿ ಬಟ್ಟೆಯ ಜೊತೆ ಅವರ ಎದೆಗೇ ಇಳಿಯುತ್ತಿತ್ತಂತೆ.

ಹಾಗಾಗಿ ನಮ್ಮ ಮನೆಗೆ ಡ್ರೈಯರ್ ಬಂತು. ಓಣಿಯವರೆಲ್ಲ ನೋಡಲು ಬಂದರು. ಇಷ್ಟು ಬಿಸಿಲಿರುವ ಊರಿನಲ್ಲಿ ಬಟ್ಟೆ ಒಣಗಿಸಲು ಕರೆಂಟಿನ ಮಷೀನು ತಂದವರನ್ನು ಅವರು ಕಂಡಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ಅತ್ತಿಯೇ. "ದೇವರು ಕೊಟ್ಟ ಬಿಸಲಿಗೂ ಮೀಟರ್ ಹಚ್ಚಿದ್ರಲ್ಲಪಾ ನೀವು" ಎಂದು ಮಗನನ್ನು ತರಾಟೆಗೆ ತೆಗೆದುಕೊಂಡರು. ಎಂಟು ದಿನ ಅದರ ಹತ್ತಿರ ಸುಳಿಯಲಿಲ್ಲ. ಒಂಬತ್ತನೆಯ ದಿನ ನಾನು ಕಲಿಸುವ ಸಾಲಿಯಿಂದ ಬಂದು ನೋಡುತ್ತೇನೆ, ಅತ್ತಿ ಮಷೀನಿನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದಾರೆ, ಬೆಚ್ಚಗಿನ ಟವೆಲ್ ಒಂದು ಮೊಣಕಾಲ ಮೇಲಿದೆ. ನನ್ನನ್ನು ಕಂಡು, "ಮೊಣಕಾಲಿಗೆ ಭಾಳ ಹಿತ ಆಗ್ತೈತಿ ನೋಡು" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಅಂದಿನಿಂದ ಅದು ಅವರದೇ ಮಷೀನು. ಬಟ್ಟೆ ಹಾಕುವವರು, ತೆಗೆಯುವವರು, ಜಾಳಿಗೆಯಲ್ಲಿ ಕೂತ ಬಟ್ಟೆಯ ನೂಲಿನ ಜುಂಗು ಬಳಿದು ತೆಗೆಯುವವರು ಅವರೇ. ಮೂರನೆಯ ಇಯತ್ತೆಯಲ್ಲಿ ಓದುವ ನನ್ನ ಮಗಳು ಗೊಂಬೆಯ ಲಂಗ ಒಣಗಿಸಬೇಕೆಂದರೂ ಅಜ್ಜಿಯ ಅಪ್ಪಣೆ ಕೇಳಬೇಕಿತ್ತು.

ಕಳೆದ ವರ್ಷ ಶ್ರಾವಣದ ಜಿಟಿಜಿಟಿ ಮಳೆ ನಾಲ್ಕು ದಿನ ಬಿಡದೆ ಹಿಡಿದಿತ್ತು. ಶನಿವಾರ ಮಧ್ಯಾಹ್ನ ಅತ್ತಿ ನನ್ನನ್ನು ಕೂಗಿದರು. ಮಷೀನಿನಲ್ಲಿ ಅವರ ಎರಡು ಚಾದರ, ದಿಂಬಿನ ಗವಸುಗಳು, ಒಂದು ಸೀರೆ ಹಸಿಯಾಗಿಯೇ ಕೂತಿದ್ದವು. ಗುಂಡಿ ಒತ್ತಿದರೆ ಮಷೀನು ತಿರುಗಲಿಲ್ಲ. ನಾನು ಒತ್ತಿದೆ. ಮಗಳು ಒತ್ತಿದಳು. ದೀಪ ಮಾತ್ರ ಹತ್ತಿತ್ತು. ಕಂಪನಿಗೆ ಫೋನು ಮಾಡಿದರೆ ರಿಪೇರಿಯವರು ಬರುವುದು ಗುರುವಾರ ಎಂದರು. ಅತ್ತಿಗೆ ಹಿಂದಿನ ದಿನದಿಂದಲೇ ಉಸಿರಿನಲ್ಲಿ ಸೀಟಿ ಕೇಳಿಸುತ್ತಿತ್ತು. ಮನೆಯೊಳಗೆ ಹಗ್ಗ ಕಟ್ಟಿ ಹಾಕಿದ ನಮ್ಮ ಬಟ್ಟೆಗಳು ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿದ್ದವು.

ಆ ವಾರ ನಮ್ಮ ಅಪ್ಪ ನಮ್ಮ ಮನೆಯಲ್ಲಿದ್ದರು.

ಅಪ್ಪ ಚೊಳಚಗುಡ್ಡದವರು. ನಲವತ್ತು ವರ್ಷ ಬಾದಾಮಿಯ ಸುತ್ತಮುತ್ತ ಮನೆಗಳಿಗೆ ವೈರಿಂಗ್ ಮಾಡಿದ ಮನುಷ್ಯ. ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶದ ದಿನ ಮೊದಲ ದೀಪದ ಸ್ವಿಚ್ಚನ್ನು ಅಪ್ಪನ ಕೈಯಿಂದಲೇ ಒತ್ತಿಸುತ್ತಿದ್ದರು. ನಾನು ವಿಜ್ಞಾನ ಓದಿ ಸಾಲಿಯ ಮಾಸ್ತರಿಕೆ ಹಿಡಿದದ್ದು, ಚಿಕ್ಕಂದಿನಲ್ಲಿ ಅವರ ಚೀಲದೊಳಗಿನ ಬಣ್ಣಬಣ್ಣದ ವಯರಿನ ತುಂಡುಗಳೊಡನೆ ಆಡಿದ್ದಕ್ಕೇ ಇರಬೇಕು. ಆಮೇಲೆ ಅವರಿಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಾಗುವ ರೋಗ ಬಂತು. ಗೊತ್ತಾಗುವುದರೊಳಗೆ ದೃಷ್ಟಿ ಬಹುಪಾಲು ಹೋಗಿತ್ತು. ಈಗ ಅವರಿಗೆ ಬೆಳಕು ಯಾವ ಕಡೆ, ಎದುರಿಗೆ ನಿಂತವರು ಎತ್ತರವೋ ಗಿಡ್ಡವೋ ಎನ್ನುವಷ್ಟು ಮಾತ್ರ ಕಾಣುತ್ತದೆ. ಆ ಶ್ರಾವಣಕ್ಕೂ ಎರಡು ವರ್ಷ ಮೊದಲು ಒಂದು ದಿನ ಚೀಲವನ್ನು ಅಟ್ಟಕ್ಕೆ ಹಾಕಿಬಿಟ್ಟರು. ಮನೆಯ ಟ್ಯೂಬ್‌ಲೈಟ್ ಮಿಣುಕಿದರೂ "ಯಾರನರ ಕರೀರಿ" ಎಂದು ಮುಖ ತಿರುಗಿಸುತ್ತಿದ್ದರು. ಮಾತೂ ಕಡಿಮೆಯಾಯಿತು. ನಮ್ಮವ್ವ ಅವರನ್ನು ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ನಾಲ್ಕು ಸಲ ಹೇಳಿ, "ಒಂದಿಷ್ಟು ದಿನ ಮಗಳ ಹಂತ್ಯಾಕ ಇದ್ದು ಬರ್ರಿ" ಎಂದು ಕಳಿಸಿದ್ದಳು.

ಅವತ್ತು ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತು ನಮ್ಮ ಗದ್ದಲವನ್ನೆಲ್ಲ ಕೇಳುತ್ತಿದ್ದರು. ನಾನು ಏಳೆಂಟು ಸಲ ಗುಂಡಿ ಒತ್ತಿ, ಕೊನೆಗೆ ಮಷೀನಿನ ನೆತ್ತಿಗೆ ಕೈಯಿಂದ ಬಡಿದಾಗ ಅಲ್ಲಿಂದಲೇ ಅಂದರು:

"ಬಡದ್ರ ಅದೇನು ಹೆದರಿ ನಡಿಯಾಕ ಎಮ್ಮೀ ಏನು? ಪ್ಲಗ್ಗಿನ್ಯಾಗ ಕರೆಂಟ್ ಬರಾಕತ್ತೈತೋ ಇಲ್ಲೋ ನೋಡಿದೇನು?"

"ದೀಪ ಹತ್ತೇತಿ ಅಪ್ಪಾ."

"ದೀಪಕ್ಕ ಚೂರs ಕರೆಂಟ್ ಸಾಕು. ಅದs ಪ್ಲಗ್ಗಿಗೆ ಇಸ್ತ್ರಿ ಹಚ್ಚಿ ನೋಡು."

ನನಗೆ ಒಳಗೊಳಗೆ ಸಿಟ್ಟು ಬಂತು. ಏಳನೆಯ ಇಯತ್ತೆಗೆ ವರ್ಷವೂ ವಿದ್ಯುತ್ ಮಂಡಲದ ಪಾಠ ಮಾಡುವವಳು ನಾನು. ಆದರೂ ಇಸ್ತ್ರಿ ತಂದು ಹಚ್ಚಿದೆ. ಚೆನ್ನಾಗಿ ಕಾದಿತು.

"ಹಂಗಾರ ಕರೆಂಟ್ ಸರಿ ಐತಿ. ಈಗ ಮಷೀನ್ ಹಚ್ಚಿ ಗುಂಡಿ ಒತ್ತು. ಎಲ್ಲಾರೂ ಬಾಯಿ ಮುಚಗೊಂಡ ನಿಂದರ್ರಿ. ಒಳಗ ಗುಂಯ್ ಅಂತೈತೇನು ಕೇಳು."

ನಾವೆಲ್ಲ ಉಸಿರು ಹಿಡಿದು ನಿಂತೆವು. ಗುಂಯ್ ಎನ್ನಲಿಲ್ಲ.

"ಗುಂಯ್ ಅಂದಿದ್ರ ಮೋಟರ್ ಸಿಕ್ಕೊಂಡೈತಿ, ಇಲ್ಲಾ ಬೆಲ್ಟ್ ಹೋಗೇತಿ ಅಂತಿದ್ದೆ. ಈಗ ಮೋಟರಿಗೆ ಕರೆಂಟs ಮುಟ್ಟವಲ್ದು" ಎನ್ನುತ್ತ ಅಪ್ಪ ಎದ್ದರು. ಗೋಡೆ ಸವರುತ್ತ ಬಂದು ಮಷೀನಿನ ಪಕ್ಕದ ಅತ್ತಿಯ ಮಣೆಯ ಮೇಲೆಯೇ ಕೂತರು. ಅತ್ತಿ ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು. "ಬಾಗಲಾ ತಗಿ, ಹಾಕು" ಎಂದರು ಅಪ್ಪ. ನಾನು ಮಷೀನಿನ ದುಂಡು ಬಾಗಿಲು ತೆಗೆದೆ, ಹಾಕಿದೆ.

"ಮತ್ತ ಹಾಕು."

ಹಾಕಿದೆ.

"ಒಂದs ಸಪ್ಪಳ ಬರಾಕತ್ತೈತಿ. ಎರಡ ಬರಬೇಕು. ಬಾಗಲದ್ದೊಂದು, ಒಳಗಿನ ಸ್ವಿಚ್ಚಿಂದೊಂದು. ಬಾಗಲಾ ಹಾಕಿದ್ದು ಮಷೀನಿಗೆ ಗೊತ್ತಾಗೂದು ಆ ಸ್ವಿಚ್ಚಿನಿಂದ."

ನನಗೆ ಮೊದಲಾದರೂ ಎಷ್ಟು ಸಪ್ಪಳ ಬರುತ್ತಿತ್ತೋ ಏನೋ. ನಾನು ಎಂದೂ ಕಿವಿಗೊಟ್ಟವಳಲ್ಲ. ಆಗ ಹಿಂದಿನಿಂದ ಅತ್ತಿ ಅಂದರು: "ಖರೆ ಐತ್ರಿ ಬೀಗರ. ದಿನಾ ಇಲ್ಲೆ ಕುಂದರಾಕಿ ನಾನು. ಮೊದಲ ಟಪ್ ಅಂತಿತ್ತು, ಅದರ ಬೆನ್ನಿಗೆ ಸಣ್ಣಂಗ ಟಿಕ್ ಅಂತಿತ್ತು. ಎರಡ ದಿನ ಆತು, ಆ ಟಿಕ್ ಅನ್ನೂದು ಒಮ್ಮೆ ಬರ್ತಿತ್ತು, ಒಮ್ಮೆ ಇಲ್ಲ."

ಅಪ್ಪನ ಮುಖ ಅರಳಿತು. ಬಹಳ ದಿನದಿಂದ ನಾನು ಆ ಮುಖ ಕಂಡಿರಲಿಲ್ಲ. "ಅಕ್ಕಾರ, ನೀವs ಅರ್ಧಾ ರಿಪೇರಿ ಮಾಡಿಬಿಟ್ರಿ" ಎಂದರು. ಅತ್ತಿಗೆ ನಗುವಿನ ಜೊತೆ ಕೆಮ್ಮು ಬಂತು.

"ಸ್ಕ್ರೂಡ್ರೈವರ್ ತಗೊಂಡ ಬಾ" ಎಂದರು ನನಗೆ.

"ನಾನು ಬಿಚ್ಚಬೇಕಾ?"

"ಮತ್ತ ಇನ್ನ್ಯಾರು? ನನ್ನ ಕೈ ಈಗ ಈ ಕೆಲಸಕ್ಕ ಬರಂಗಿಲ್ಲ. ನಾ ಹೇಳತೇನಿ, ನೀ ಮಾಡು. ಮೊದಲ ಪ್ಲಗ್ ಕಿತ್ತು ನನ್ನ ಕೈಯಾಗ ಕೊಡು."

ಪ್ಲಗ್ಗನ್ನು ಕಿತ್ತು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ತೊಡೆಯ ಮೇಲಿಟ್ಟುಕೊಂಡರು. "ನಾನು ಕಿತ್ತೇನಲ್ಲ, ಯಾರು ಹಚ್ಚತಾರ?" ಎಂದೆ. "ಯಾರೂ ಹಚ್ಚಂಗಿಲ್ಲ. ಆದರೂ ಇದು ನನ್ನ ಕೈಯಾಗ ಇರಲಿ" ಎಂದರು. ಆ ಮೇಲಿನ ಒಂದೂವರೆ ತಾಸು ಅವರು ಚಹ ಕುಡಿದದ್ದೂ ಇನ್ನೊಂದು ಕೈಯಿಂದಲೇ.

ಬಾಗಿಲ ಚೌಕಟ್ಟಿನ ಒಳಬದಿಗೆ ಎರಡು ಸ್ಕ್ರೂ ಇದ್ದವು. ಮೊದಲನೆಯದು ಬಂತು. ಎರಡನೆಯದರ ತಲೆ ಸವೆದು ಸ್ಕ್ರೂಡ್ರೈವರ್ ಜಾರುತ್ತಿತ್ತು. "ತಿರುವಬ್ಯಾಡ, ಮೊದಲ ಒತ್ತು. ನಿನ್ನ ಭಾರ ಎಲ್ಲಾ ಅದರ ಮ್ಯಾಲೆ ಹಾಕು, ಆಮ್ಯಾಲೆ ತಿರುವು" ಎಂದರು ಅಪ್ಪ. ನಾನು ಮೊಣಕಾಲೂರಿ ಒತ್ತಿದೆ, ತಿರುವಿದೆ. ಬಂತು. ಮುಂದಿನ ತಗಡು ಸಡಿಲಾಗಿ, ಒಳಗೆ ಬೆರಳ ತುದಿಯಷ್ಟು ದೊಡ್ಡ ಕರಿಯ ಸ್ವಿಚ್ಚು ಕಾಣಿಸಿತು. ಅದರ ಸುತ್ತ ಬಟ್ಟೆಯ ಜುಂಗು ಮತ್ತು ಅದೇ ಗುಲಾಬಿ ಪುಡಿ ಸೇರಿ ಗಟ್ಟಿಯಾಗಿ ಕೂತಿತ್ತು. ಹೊರಗಿನಿಂದ ಯಾವ ಪುಡಿಯನ್ನು ತಪ್ಪಿಸಲು ಮಷೀನು ತಂದಿದ್ದೆವೋ ಅದು ಮಷೀನಿನೊಳಗೇ ಮನೆ ಮಾಡಿತ್ತು.

ಯಾವ ವಯರು ಎಲ್ಲಿತ್ತೆಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಎರಡೂ ವಯರು ಬಿಡಿಸಿ ಸ್ವಿಚ್ಚನ್ನು ಅಪ್ಪನ ಅಂಗೈಯಲ್ಲಿಟ್ಟೆ. ಅವರು ಹೆಬ್ಬೆರಳಿನಿಂದ ಅದರ ಮೈಯೆಲ್ಲ ಸವರಿದರು. ಕಿವಿಯ ಹತ್ತಿರ ಹಿಡಿದು ಒತ್ತಿದರು, ಮತ್ತೆ ಒತ್ತಿದರು. "ಹಲ್ಲ ತಿಕ್ಕೋ ಬ್ರಶ್ ತಗೊಂಡು ಮೆಲ್ಲಕ ತಿಕ್ಕು" ಎಂದರು. ತಿಕ್ಕಿ ಕೊಟ್ಟೆ. ಒಮ್ಮೆ ಟಿಕ್ ಎಂದಿತು. ಆಮೇಲೆ ಎಷ್ಟು ಒತ್ತಿದರೂ ಇಲ್ಲ.

"ಸತ್ತೈತಿ ಅನಸ್ತೈತಿ. ಆದ್ರ ಅನಸಿಕಿ ಮ್ಯಾಲೆ ಹೋಗಬಾರದು. ಪರೀಕ್ಷಾ ಮಾಡಬೇಕು" ಎಂದರು.

ಸೋಮವಾರದ ಪಾಠಕ್ಕೆಂದು ನಾನು ಸಾಲಿಯ ಪ್ರಯೋಗದ ಡಬ್ಬಿ ಮನೆಗೆ ತಂದಿದ್ದೆ. ಎರಡು ಸೆಲ್ಲು, ಒಂದು ಪುಟ್ಟ ಬಲ್ಬು, ತುದಿ ಸುಲಿದ ಮೂರು ವಯರು. ಮಕ್ಕಳ ಮುಂದೆ ನೂರು ಸಲ ಜೋಡಿಸಿದ್ದನ್ನೇ ಈಗ ಅಪ್ಪನ ಮುಂದೆ ಜೋಡಿಸಿದೆ. ವಯರಿನ ತುದಿ ಎರಡನ್ನೂ ತಾಗಿಸಿದೆ. ಬಲ್ಬು ಹತ್ತಿತು. ಅಪ್ಪನಿಗೆ ಅಷ್ಟು ಸಣ್ಣ ಬೆಳಕು ಕಾಣುವುದಿಲ್ಲ. "ಹತ್ತಿತೇನು?" ಎಂದು ಕೇಳಿದರು. "ಹತ್ತಿತು" ಎಂದೆ. ನಡುವೆ ಸ್ವಿಚ್ಚು ಇಟ್ಟು ಒತ್ತಿದೆ. "ಈಗ?" "ಇಲ್ಲ." "ಇನ್ನೂ ಗಟ್ಟಿ ಒತ್ತು." "ಇಲ್ಲ ಅಪ್ಪಾ."

"ಹಂಗಾರ ಖಾತ್ರಿ ಆತು" ಎಂದರು. ಮಗಳು ಚಪ್ಪಾಳೆ ತಟ್ಟಿದಳು, ಅದೇನೋ ನಾವು ಗೆದ್ದ ಹಾಗೆ.

ಸ್ವಿಚ್ಚನ್ನು ಕಾಗದದಲ್ಲಿ ಸುತ್ತಿಕೊಂಡು, ಛತ್ರಿ ಹಿಡಿದು ಬಜಾರಕ್ಕೆ ಹೋದೆ. ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಈ ಸೈಜು ನಮ್ಮಲ್ಲಿಲ್ರಿ ಟೀಚರ. ಬಾಗಲಕೋಟ್ಯಾಗ ಸಿಗತೈತಿ. ಆದ್ರ ಯಾಕ ಬೇಕು? ಆ ಎರಡೂ ವಯರ್ ಕೂಡಿಸಿ ಟೇಪ್ ಸುತ್ತಿಬಿಡ್ರಿ. ಸ್ವಿಚ್ ಇಲ್ಲದs ನಡೀತೈತಿ. ಎಷ್ಟ ಮಂದಿಗೆ ಮಾಡಿ ಕೊಟ್ಟೇನಿ" ಎಂದ.

ದಾರಿಯುದ್ದಕ್ಕೂ ಅದೇ ವಿಚಾರ. ಹತ್ತು ನಿಮಿಷದ ಕೆಲಸ. ಸಂಜೆಯೊಳಗೆ ಅತ್ತಿಗೆ ಒಣ ಹಾಸಿಗೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ನಾನು ವಯರು ಕೂಡಿಸಲು ಸಿದ್ಧಳಾಗಿಯೇ ಬಂದಿದ್ದೆ.

"ಬ್ಯಾಡ" ಎಂದರು.

"ಯಾಕ ಅಪ್ಪಾ? ಗುರುವಾರದ ತನಕ ಅಷ್ಟs. ಅತ್ಯಾರ ಉಸಿರು ನೋಡ್ರಿ ಹೆಂಗ ಆಗೇತಿ."

"ಬಾಗಲಾ ತಗದಾಗ ಮಷೀನ್ ನಿಂದರಬೇಕು. ಅದಕ್ಕs ಆ ಸ್ವಿಚ್ ಇಟ್ಟಾರ. ನಿನ್ನ ಮಗಳು ಗೊಂಬಿ ಲಂಗಾ ತಗಿಯಾಕ ಕೈ ಹಾಕತಾಳ. ಅಕ್ಕಾರು ಸೀರಿ ಎಳಿಯಾಕ ಹೋಗತಾರ. ಒಳಗ ಅದು ತಿರುಗತಿರತೈತಿ."

"ನಾ ನೋಡ್ಕೋತೇನಿ ಅಪ್ಪಾ. ಮಷೀನ್ ನಡೀತೈತಲ್ಲ ಸಾಕು."

ಅಪ್ಪ ಬಹಳ ತಗ್ಗಿದ ದನಿಯಲ್ಲಿ ಅಂದರು:

"ನಡೀತೈತಿ ಅಂದ್ರ ಸರಿ ಐತಿ ಅಂತಲ್ಲವ್ವಾ. ನಿಮ್ಮವ್ವ ಬಚ್ಚಲದಾಗ ಜಾರಿ ಬಿದ್ದು ಕೈ ಮುರಕೊಂಡ್ಲು ಅಂತ ನಿನಗ ಹೇಳಿದ್ವಲ್ಲ. ಆಕಿ ಜಾರಿ ಬಿದ್ದಿರಲಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತೆ.

"ನೀರಿನ ಮೋಟರಿನ ವಯರ್ ಕಡದಿತ್ತು. ನಾನs ಜೋಡ್ಸಿದೆ. ಕಣ್ಣು ಮಂಜಾಗಿ ಆಗಲೇ ಆರು ತಿಂಗಳಾಗಿತ್ತು. ನಿಮ್ಮವ್ವಗ ಒಂದ್ಸಲ ನೋಡು ಅನ್ನಬಹುದಿತ್ತು, ಅನ್ನಲಿಲ್ಲ. ಇಷ್ಟ ವರ್ಷ ಮಾಡಿದ ಕೈ, ಇನ್ನೊಬ್ಬರನ್ನ ಕೇಳೂದೇನು ಅಂದೆ. ಟೇಪ್ ಸುತ್ತಿದೆ. ಒಂದು ಎಳಿ ಹೊರಗ ಉಳದು ಮೋಟರಿನ ಮೈಗೆ ತಾಗಿತ್ತು. ಮೋಟರ್ ಛಲೋ ನಡೀತು. ನಡೀತಲ್ಲ ಅಂತ ನಾ ಎದಿ ಉಬ್ಬಿಸ್ಕೊಂಡು ಓಡಾಡಿದೆ. ಮರುದಿನ ಮುಂಜಾನಿ ಆಕಿ ಹಸಿ ಕೈಲೆ ಮುಟ್ಟಿದ್ಲು. ಕರೆಂಟ್ ಆಕೀನ್ನ ದೂರ ಒಗದುಬಿಡ್ತು. ಕೈ ಒಂದs ಮುರೀತು, ಅದು ನನ್ನ ಪುಣ್ಯಾ. ದವಾಖಾನ್ಯಾಗ ಆಕೀನs ಹೇಳಿದ್ಲು, ಜಾರಿ ಬಿದ್ದೆ ಅಂತ. ನನ್ನ ಕಡೆ ತಿರುಗೂ ನೋಡಲಿಲ್ಲ. ನಾ ಚೀಲಾ ಅಟ್ಟಕ್ಕ ಹಾಕಿದ್ದು ಕಣ್ಣು ಹೋತು ಅಂತ ಅಲ್ಲವ್ವಾ."

ಅವ್ವನ ಕೈಗೆ ಪ್ಲಾಸ್ಟರು ಹಾಕಿದಾಗ ನಾನು ಹದಿನೈದು ದಿನ ಅವಳ ಜೊತೆ ಇದ್ದೆ. ಬಚ್ಚಲ ಕಲ್ಲಿಗೆ ಒರಟು ಹಾಸು ತಂದು ಹಾಸಿದ್ದೆ. ಅವ್ವ ಆ ಹಾಸನ್ನು ಹೊಗಳಿದ್ದಳು ಕೂಡ. ಅಪ್ಪ ಆಗ ಅಂಗಳದಲ್ಲಿ ಒಬ್ಬರೇ ಕೂತಿರುತ್ತಿದ್ದುದನ್ನು, ಕಣ್ಣಿನ ಚಿಂತೆ ಇರಬೇಕು ಎಂದುಕೊಂಡಿದ್ದೆ. ನಾನು ಅಪ್ಪನ ಕೈ ಹಿಡಿದುಕೊಂಡೆ. ಅವರ ಬೆರಳುಗಳ ತುದಿ ಈಗಲೂ ಹಳೆಯ ವಯರಿನ ಗಾಯಗಳಿಂದ ದಪ್ಪಗಿತ್ತು.

ಒಳಕೋಣೆಯಲ್ಲಿ ಅತ್ತಿ ಮಲಗಿದ್ದಾರೆ ಎಂದುಕೊಂಡಿದ್ದೆವು. ಅವರು ಬಾಗಿಲಿಗೆ ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. "ಬೀಗರ" ಎಂದರು, ನಡುನಡುವೆ ಉಸಿರು ಎಳೆದುಕೊಳ್ಳುತ್ತ, "ನಾ ಇನ್ನೆರಡ ದಿನ ತಡೀತೇನಿ. ನೀವು ಹೆಂಗ ಅಂತೀರಿ ಹಂಗs ಆಗ್ಲಿ. ಅವಸರ ಮಾಡಬ್ಯಾಡ್ರಿ."

ನನ್ನ ಗಂಡ ಹುನಗುಂದದ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಮರುದಿನ ರವಿವಾರ ರಜೆ. ಬೆಳಿಗ್ಗೆ ಮೊದಲ ಬಸ್ಸಿಗೆ ಸತ್ತ ಸ್ವಿಚ್ಚನ್ನು ಕಿಸೆಯಲ್ಲಿಟ್ಟುಕೊಂಡು ಬಾಗಲಕೋಟೆಗೆ ಹೋದರು. ಅವರು ತಿರುಗಿ ಬರುವ ತನಕ ನಾನೂ ಮಗಳೂ ಅಡಿಗೆಮನೆಯಲ್ಲಿ ಹಗ್ಗ ಕಟ್ಟಿ, ಫ್ಯಾನು ಹಚ್ಚಿ, ಒಂದು ಚಾದರವನ್ನು ಇಸ್ತ್ರಿಯಿಂದಲೇ ಒಣಗಿಸಿ ಅತ್ತಿಗೆ ಹಾಸಿದೆವು. ಅಪ್ಪ ಸುಮ್ಮನೆ ಕೂರಲಿಲ್ಲ. ಮಷೀನಿನೊಳಗಿನ ಜುಂಗನ್ನೆಲ್ಲ ಬ್ರಶ್ಶಿನಿಂದ ತೆಗೆಸಿದರು, ಹಿಂದಿನ ಗಾಳಿ ಹೋಗುವ ಕೊಳವೆ ಬಿಚ್ಚಿಸಿದರು. ಅದರಿಂದ ಬೊಗಸೆ ತುಂಬ ಜುಂಗು ಹೊರಬಂತು. "ಇದು ಹಿಂಗs ಉಳದಿದ್ರ ಬೆಂಕಿ ಹತ್ತತಿತ್ತು" ಎಂದಾಗ ಅತ್ತಿ ಗಲ್ಲಕ್ಕೆ ಕೈ ಹಚ್ಚಿದರು. ತಾವು ದಿನವೂ ಜಾಳಿಗೆ ಬಳಿದದ್ದಕ್ಕೆ ಮಷೀನು ಇಷ್ಟು ದಿನ ಉಳಿಯಿತೆಂದು ಅಪ್ಪನ ಬಾಯಿಂದ ಕೇಳಿದ ಮೇಲೆಯೇ ಅವರಿಗೆ ಸಮಾಧಾನವಾಯಿತು.

ಮಧ್ಯಾಹ್ನ ಹೊಸ ಸ್ವಿಚ್ಚು ಬಂತು. ಅಪ್ಪ ಮೊದಲು ಬಲ್ಬು ಹಚ್ಚಿ ಪರೀಕ್ಷೆ ಮಾಡಿಸಿದರು. ಆಮೇಲೆ ಫೋಟೋ ನೋಡಿ ವಯರು ಹಚ್ಚಿದೆ. "ಎಳದು ನೋಡು, ಸಡ್ಲ ಐತೇನು. ಸುತ್ತಲೂ ಕಣ್ಣಾಡಿಸು. ಎಳಿ ಹೊರಗ ಉಳದೈತೇನು?" ಎಂದು ಕೇಳಿದರು. "ಇಲ್ಲ" ಎಂದೆ. "ಇನ್ನೊಂದ್ಸಲ ನೋಡು" ಎಂದರು. ನೋಡಿದೆ. ನನ್ನ ಗಂಡನಿಂದಲೂ ಒಮ್ಮೆ ನೋಡಿಸಿದರು. ಸ್ಕ್ರೂ ಬಿಗಿದು, ಬಾಗಿಲು ಹಾಕಿದೆ. ಟಪ್. ಬೆನ್ನಿಗೇ ಟಿಕ್.

"ಬಂತು!" ಎಂದು ಅಪ್ಪ ಮತ್ತು ಅತ್ತಿ ಇಬ್ಬರೂ ಒಟ್ಟಿಗೇ ಅಂದರು.

ಪ್ಲಗ್ ಹಚ್ಚಿ ಗುಂಡಿ ಒತ್ತಿದೆ. ಮಷೀನು ತಿರುಗಿತು. ಅಪ್ಪ ನಡುವೆ ಬಾಗಿಲು ತೆಗೆಸಿ ನಿಲ್ಲುತ್ತದೋ ಇಲ್ಲವೋ ನೋಡಿದರು, ನಿಂತಿತು. ಮತ್ತೆ ನಡೆಸಿದೆವು. ಮುಕ್ಕಾಲು ತಾಸಿಗೆ ಬಟ್ಟೆ ಒಣಗಿದವು. ಅತ್ತಿ ತಮ್ಮ ಚಾದರ ತೆಗೆದು ಮುಖಕ್ಕೆ ಒತ್ತಿಕೊಂಡು ಮೂಸಿದರು. ಇನ್ನೊಂದು ಬೆಚ್ಚಗಿನ ಚಾದರ ನನ್ನ ಕೈಗೆ ಕೊಟ್ಟು, "ನಿಮ್ಮಪ್ಪಗ ಹೊಚ್ಚು. ಥಂಡ್ಯಾಗ ಕುಂತಾರ" ಎಂದರು. ನಾನು ಹೊದಿಸಿದೆ. ಅಪ್ಪ ಅದನ್ನು ಕಿವಿಯವರೆಗೂ ಎಳೆದುಕೊಂಡು, "ಅಬಾಬಾ, ಅಕ್ಕಾರ, ಇದನ್ನ ಬಿಟ್ಟು ನೀವು ಹೆಂಗ ಏಳತೀರಿ?" ಎಂದರು.

ಅತ್ತಿಯ ಉಸಿರು ಮಂಗಳವಾರದ ಹೊತ್ತಿಗೆ ಹಗುರಾಯಿತು. ಗುರುವಾರ ಬಂದ ಕಂಪನಿಯವನು ಬಿಚ್ಚಿ ನೋಡಿ, ಯಾರು ಮಾಡಿದ್ದು ಎಂದು ಕೇಳಿದ. ಅತ್ತಿ ಅಪ್ಪನ ಕಡೆಗೂ ನನ್ನ ಕಡೆಗೂ ಕೈ ತೋರಿಸಿ, "ಕೇಳಿಸಿಕೊಂಡಾಕಿ ನಾನು" ಎಂದೂ ಸೇರಿಸಿದರು. ಅಪ್ಪ ಮುಂದಿನ ವಾರ ಊರಿಗೆ ಹೋದರು.

ಅವರು ಹೋಗಿ ಹತ್ತು ದಿನಕ್ಕೆ ಅವ್ವನಿಗೆ ಫೋನು ಮಾಡಿದೆ. ಅಪ್ಪ ಹೇಳಿದ್ದನ್ನು ಕೇಳಬೇಕೋ ಬೇಡವೋ ಎಂದು ಹತ್ತೂ ದಿನ ಒದ್ದಾಡಿದ್ದೆ. ಕೊನೆಗೆ, "ಅವ್ವಾ, ನಿನ್ನ ಕೈ ಮುರದದ್ದು ಹೆಂಗ ಅಂತ ಗೊತ್ತಾತು" ಎಂದೆ.

"ಅವರs ಹೇಳಿದ್ರೇನು?"

"ಹೌದು."

"ಛಲೋ ಆತು ಬಿಡು" ಎಂದಳು ಅವ್ವ. "ಎರಡ ವರ್ಷ ಆತು, ಆ ಮಾತು ತಗದ್ರ ಎದ್ದು ಹೊರಗ ಹೋಗತಿದ್ರು. ನಾ ಒಂದ ದಿನಾನೂ ಅವರನ್ನ ಬೈದಿಲ್ಲವ್ವಾ. ಬೈದಿದ್ರ ಅವರಿಗೆ ಹಗರ ಆಗತಿತ್ತೋ ಏನೋ. ಅದು ನನಗ ತಿಳೀಲಿಲ್ಲ." ಮೂಗೆಳೆದುಕೊಂಡ ಸದ್ದಾಯಿತು. ಆಮೇಲೆ ದನಿ ಬದಲಾಯಿಸಿ, "ಈಗ ನೋಡು, ಮುಂಜಾನಿಂದ ಮಿಕ್ಸಿ ಬಿಚ್ಚಾಕ ಹಚ್ಚ್ಯಾರ. ಅವರು ಕುರ್ಚಿ ಮ್ಯಾಲೆ, ನಾ ನೆಲದ ಮ್ಯಾಲೆ. ಒಂದು ಸ್ಕ್ರೂ ಎಲ್ಲೆ ಉಳ್ಳಿ ಹೋತೋ ಏನೋ, ಇಬ್ಬರೂ ಹುಡುಕಾಕತ್ತೇವಿ. ಇಡತೇನಿ, ಕರ್ಯಾಕತ್ತಾರ" ಎಂದು ಫೋನು ಇಟ್ಟಳು.